ವೈಟ್ ಬೋರ್ಡ್ ಕಾರು ಬಾಡಿಗೆಗೆ ತಗೊಂಡ್ರೆ ಇನ್ಶೂರೆನ್ಸ್ ಯಾರಿಗೆ ಸಿಗುತ್ತೆ?

ಕಡೂರು, ತರೀಕೆರೆ, ಅಜ್ಜಂಪುರದಲ್ಲಿ ಕಾರು ಬಾಡಿಗೆಗೆ ಬೇಕು ಅಂದ್ರೆ ಯಾರೂ ಕಚೇರಿ ಹುಡುಕಿಕೊಂಡು ಹೋಗಲ್ಲ. ಗೊತ್ತಿರುವ ಹುಡುಗನಿಗೆ ಒಂದು ಫೋನ್ ಹೋಗುತ್ತೆ, ಅಷ್ಟೇ. ಕೆಮ್ಮಣ್ಣುಗುಂಡಿಗೋ, ಕಲ್ಲತ್ತಿಗಿರಿಗೋ, ಧರ್ಮಸ್ಥಳಕ್ಕೋ ಅಂತ ಕೇಳಿ, ದಿನಕ್ಕೆ ಇಷ್ಟು, ಡೀಸೆಲ್ ನಿಮ್ಮದು ಅಂತಾನೆ. ಬಂದು ನಿಲ್ಲುವ ಕಾರಿನ ನಂಬರ್ ಪ್ಲೇಟು ಬಹಳ ಸಲ ಬಿಳಿ. ಕೆಎ-66 ಆಗಲಿ, ಕೆಎ-18 ಆಗಲಿ, ಅದು ಸ್ವಂತ ಬಳಕೆಗೆ ಎಂದು ನೋಂದಣಿಯಾದ ಕಾರು. ಇನ್ಶೂರೆನ್ಸ್ ಇದೆಯಾ ಎಂದು ಕೇಳಿದರೆ, ‘ಫುಲ್ ಇದೆ ಬಿಡಿ ಅಣ್ಣ’ ಎಂಬ ಉತ್ತರ ಬರುತ್ತದೆ. ಆ ಮಾತು ಸುಳ್ಳಲ್ಲ. ಆದರೆ ನೀವು ಬಾಡಿಗೆ ಕೊಟ್ಟ ಕ್ಷಣದಿಂದ ಆ ಪಾಲಿಸಿಯ ಅರ್ಥವೇ ಬದಲಾಗುತ್ತದೆ.

ಪ್ಲೇಟಿನ ಬಣ್ಣ ಹೇಳುವುದೇನು?

ಹಳದಿ ಪ್ಲೇಟಿನ ಮೇಲೆ ಕಪ್ಪು ಅಕ್ಷರ ಇದ್ದರೆ ಅದು ಚಾಲಕನ ಸಮೇತ ಬಾಡಿಗೆಗೆ ಓಡುವ ಟ್ಯಾಕ್ಸಿ. ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇದ್ದರೆ ಸೆಲ್ಫ್ ಡ್ರೈವ್‌ಗೆ ಕೊಡುವ ಕಾರು. ಇವೆರಡಕ್ಕೂ ಪರ್ಮಿಟ್ ಇರಬೇಕು, ವಿಮೆ ಕಂತೂ ಬೇರೆ. ಬಿಳಿ ಪ್ಲೇಟಿನ ಕಾರನ್ನು ಬಾಡಿಗೆಗೆ ಓಡಿಸಲು ಪರ್ಮಿಟ್ ಇಲ್ಲ. ಪರ್ಮಿಟ್ ಇಲ್ಲದೆ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 192ಎ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೇ 10,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು ಆಗಬಹುದು. ಆದರೆ ಅಪಘಾತ ಆದಾಗ ಬೀಳುವ ಹೊರೆಯ ಮುಂದೆ ಈ ದಂಡ ಏನೇನೂ ಅಲ್ಲ.

ಅಪಘಾತ ಆದರೆ ಯಾರು ಕೊಡುತ್ತಾರೆ?

ಒಬ್ಬೊಬ್ಬರದ್ದೇ ನೋಡೋಣ.

ರಸ್ತೆಯಲ್ಲಿ ಗಾಯಗೊಂಡ ಮೂರನೆಯವರು: ಥರ್ಡ್ ಪಾರ್ಟಿ ವಿಮೆ ಪ್ರತಿ ವಾಹನಕ್ಕೂ ಕಡ್ಡಾಯ. ಆದರೆ ಪರ್ಮಿಟ್ ಇಲ್ಲದ ವಾಹನವನ್ನು ಬಾಡಿಗೆಗೆ ಬಿಟ್ಟಿದ್ದರೆ ತಕರಾರು ತೆಗೆಯುವ ಹಕ್ಕನ್ನು ಕಾಯ್ದೆಯ 150ನೇ ಸೆಕ್ಷನ್ ವಿಮೆ ಕಂಪನಿಗೆ ಕೊಟ್ಟಿದೆ. ಪರ್ಮಿಟ್ ಇಲ್ಲದಿರುವುದು ಮೂಲಭೂತ ಉಲ್ಲಂಘನೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಂಪನಿ ಮೊದಲು ಸಂತ್ರಸ್ತರಿಗೆ ಪರಿಹಾರ ಕೊಟ್ಟು, ಆಮೇಲೆ ಆ ಹಣವನ್ನು ಮಾಲೀಕನಿಂದ ವಸೂಲಿ ಮಾಡಬಹುದು ಎಂಬ ಆದೇಶವನ್ನು ಎತ್ತಿಹಿಡಿಯಿತು. ಅಂದರೆ ಸಾಲ ಮಾಡಿ ಕಾರು ಕೊಂಡ ಹುಡುಗನ ತಲೆ ಮೇಲೆ, ಅವನ ಹೆಸರಲ್ಲಿ ಇದ್ದರೆ ತೋಟದ ಮೇಲೆ, ಲಕ್ಷಾಂತರ ರೂಪಾಯಿಯ ವಸೂಲಿ ಬಂದು ಕೂರುತ್ತದೆ.

ಕಾರಿನೊಳಗೆ ಕೂತವರು: ಬರೀ ಥರ್ಡ್ ಪಾರ್ಟಿ ಪಾಲಿಸಿ ಇರುವ ಖಾಸಗಿ ಕಾರಿನಲ್ಲಿ ಕೂತ ಪ್ರಯಾಣಿಕರಿಗೆ ಕಂಪನಿ ಹೊಣೆಯಲ್ಲ ಎಂಬುದು ಸುಪ್ರೀಂ ಕೋರ್ಟ್ ಹಲವು ಸಲ ಹೇಳಿರುವ ಮಾತು. ಪ್ಯಾಕೇಜ್ ಪಾಲಿಸಿ ಇದ್ದರೆ ಅವರಿಗೂ ರಕ್ಷಣೆ ಉಂಟು, ಆದರೆ ‘ಇದು ಬಾಡಿಗೆ’ ಎಂದು ಗೊತ್ತಾದ ಕೂಡಲೇ ಕಂಪನಿ ಅಡ್ಡ ಬರುತ್ತದೆ.

ಸ್ಟೇರಿಂಗ್ ಹಿಡಿದ ನೀವು: ಮಾಲೀಕನೇ ಓಡಿಸುವಾಗ ಸಿಗುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ನಿಮಗೆ ಅನ್ವಯಿಸಲ್ಲ. ಇನ್ನೊಬ್ಬರ ವಾಹನ ಪಡೆದು ಓಡಿಸುವವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ ಎಂದು 2009ರಲ್ಲಿ, ಕರ್ನಾಟಕದಿಂದ ಹೋದ ಬೈಕ್ ಪ್ರಕರಣವೊಂದರಲ್ಲಿ, ಸುಪ್ರೀಂ ಕೋರ್ಟ್ ಹೇಳಿದೆ. ಮಾಲೀಕನ ವಿಮೆಯಲ್ಲಿ ಆತ ‘ಮೂರನೆಯವನು’ ಆಗಲ್ಲ.

ಇನ್ನು ಕಾರಿನ ರಿಪೇರಿ. ಬಾಡಿಗೆ ಬಳಕೆ ಎಂಬ ಕಾರಣಕ್ಕೆ ಕಂಪನಿ ಕ್ಲೇಮನ್ನೇ ತಿರಸ್ಕರಿಸಬಹುದು.

ಇಂಥ ಹೊತ್ತಲ್ಲಿ ಹೇಳಿಕೊಡುವ ಮಾತು ಒಂದೇ: ‘ಫ್ರೆಂಡ್ ಕಾರು, ದುಡ್ಡು ಕೊಟ್ಟಿಲ್ಲ ಅನ್ನಿ.’ ಆದರೆ ಬಾಡಿಗೆ ಹಣ ಹೋಗಿರುವುದು ಯುಪಿಐಯಲ್ಲಿ. ವಾಟ್ಸ್ಆ್ಯಪ್‌ನಲ್ಲಿ ರೇಟಿನ ಚೌಕಾಶಿ ಹಾಗೇ ಇರುತ್ತದೆ. ಗಾಯಗೊಂಡವರು ಆಸ್ಪತ್ರೆಯಲ್ಲಿರುವಾಗ, ಸ್ನೇಹ ಹಾಳಾಗುವುದೂ ಈ ಸುಳ್ಳಿನ ಸುತ್ತಲೇ.

ಹೊರದೇಶದಲ್ಲಿ ಹೇಗೆ?

ನಮ್ಮೂರಿನಿಂದ ಓದಲಿಕ್ಕೋ ಕೆಲಸಕ್ಕೋ ಹೊರಗೆ ಹೋದವರಿಗೆ ಇದರ ಇನ್ನೊಂದು ಮುಖ ಗೊತ್ತು. ಅಲ್ಲಿ ಕಾರು ಬಾಡಿಗೆಗೆ ಪಡೆಯಲು ಎಷ್ಟೋ ದೇಶಗಳಲ್ಲಿ ಇಲ್ಲಿನ ಆರ್‌ಟಿಒ ಕೊಡುವ, ಒಂದು ವರ್ಷ ಚಾಲ್ತಿಯಲ್ಲಿರುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಕೇಳುತ್ತಾರೆ. ಕೌಂಟರಿನಲ್ಲಿ ಮೂರು ವಿಷಯ ಬೇರೆ ಬೇರೆ ಇಡುತ್ತಾರೆ. ಬೇರೆಯವರಿಗೆ ಆದ ಹಾನಿಗೆ ವಿಮೆ ಎಷ್ಟು? ಕಾರಿಗೆ ಆದ ಹಾನಿಗೆ ರಿಯಾಯಿತಿ ಇದೆಯಾ? ಅದರಲ್ಲೂ ನೀವೇ ಕಟ್ಟಬೇಕಾದ ಮೊದಲ ಪಾಲು ಎಷ್ಟು? ಓಡಿಸುವವರ ಹೆಸರು ಒಪ್ಪಂದದಲ್ಲಿ ಇಲ್ಲದಿದ್ದರೆ ರಕ್ಷಣೆಯೇ ತಪ್ಪಬಹುದು. ಅಲ್ಲೂ ಕಂಪನಿಗಳು ಹೆದರಿಸಿ ದುಬಾರಿ ಪಾಲಿಸಿ ಮಾರುತ್ತವೆ, ನಿಜ. ಆದರೆ ಪ್ರಶ್ನೆ ಕೀ ಕೊಡುವ ಮೊದಲೇ ಬರುತ್ತದೆ. ನಮ್ಮಲ್ಲಿ ಅದು ಬರುವುದು ಅಪಘಾತದ ನಂತರ.

ತಪ್ಪು ಬರೀ ಹುಡುಗರದ್ದಾ?

ಹಳದಿ ಬೋರ್ಡಿನ ಚಾಲಕರ ಸಿಟ್ಟು ನ್ಯಾಯವಾದದ್ದು. ತೆರಿಗೆ, ಪರ್ಮಿಟ್, ಎಫ್‌ಸಿ, ಬೇರೆ ವಿಮೆ ಎಲ್ಲ ಕಟ್ಟಿ ಸ್ಟ್ಯಾಂಡಿನಲ್ಲಿ ಕಾಯುವವರ ಗಿರಾಕಿಯನ್ನು, ಏನೂ ಕಟ್ಟದ ವೈಟ್ ಬೋರ್ಡ್ ಎತ್ತಿಕೊಂಡು ಹೋಗುತ್ತದೆ. ಆದರೆ ಕಾನೂನುಬದ್ಧವಾಗಿ ಸೆಲ್ಫ್ ಡ್ರೈವ್ ಕಾರು ಕೊಡ್ತೀನಿ ಅಂತ ಅಜ್ಜಂಪುರದ ಯುವಕ ಹೊರಟರೆ ಏನಾಗುತ್ತೆ? ಕೇಂದ್ರದ 1989ರ ರೆಂಟ್ ಎ ಕ್ಯಾಬ್ ಯೋಜನೆ ಲೈಸೆನ್ಸ್‌ಗೆ ಇಟ್ಟ ಷರತ್ತು ಕನಿಷ್ಠ 50 ಕಾರು. ಬಾಡಿಗೆ ಬೈಕಿಗೆ 1997ರ ಯೋಜನೆಯಲ್ಲಿ ಐದು ಸಾಕು. 50 ಕಾರು ಬೆಂಗಳೂರಿನ ಬಂಡವಾಳದ ಲೆಕ್ಕ. ತಾಲೂಕಿನ ಹುಡುಗನಿಗೆ ಬಾಗಿಲು ಹಾಕಿ, ಆಮೇಲೆ ಕಿಟಕಿಯಿಂದ ಬಂದ ಅಂತ ದಂಡ ಹಾಕುವ ವ್ಯವಸ್ಥೆ ಇದು.

ಜನ ಈ ಕಾರುಗಳನ್ನು ಹತ್ತುವುದಕ್ಕೂ ಕಾರಣ ಇದೆ. ಕತ್ತಲಾದ ಮೇಲೆ ಹಳ್ಳಿ ಕಡೆ ಬಸ್ ಸಿಗೋದು ಕಷ್ಟ. ಬಸ್ಸೇ ಹೋಗದ ಊರಿಗೆ ಶಕ್ತಿ ಯೋಜನೆಯ ಉಚಿತ ಟಿಕೆಟ್ ಏನು ಮಾಡೀತು?

ಹಾಗಾಗಿ ಬರೀ ದಾಳಿ ಮಾಡಿ ಕಾರು ಹಿಡಿದರೆ ಸಾಲದು. ತಾಲೂಕು ಮಟ್ಟದಲ್ಲಿ ಐದೋ ಹತ್ತೋ ಕಾರಿಗೆ ಲೈಸೆನ್ಸ್ ಸಿಗಬೇಕು. ಚಾಲಕರ ಸಹಕಾರ ಸಂಘ ಒಟ್ಟಾಗಿ ಅದನ್ನು ಪಡೆಯಲು ಅವಕಾಶ ಬೇಕು. ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬರುವವರಿಗೆ ಕೇಳಬೇಕಾದ ಪ್ರಶ್ನೆ ಇದು.

ಅಲ್ಲಿಯವರೆಗೆ ನೀವು ಮಾಡಬಹುದಾದದ್ದು ಇಷ್ಟು: ಪ್ಲೇಟಿನ ಬಣ್ಣ ನೋಡಿ. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ವಾಹನದ ವರ್ಗ, ವಿಮೆಯ ಅವಧಿ ನೋಡಿ. ಪಾಲಿಸಿ ಪ್ರತಿ ಕೇಳಿ, ‘ಬಳಕೆಯ ಮಿತಿ’ ಎಂಬ ಸಾಲು ಓದಿ. ನಿಮ್ಮ ಹೆಸರಲ್ಲೇ ಒಂದು ವೈಯಕ್ತಿಕ ಅಪಘಾತ ವಿಮೆ ಇಟ್ಟುಕೊಳ್ಳಿ. ಹಳದಿ ಬೋರ್ಡಿಗೆ ಕೊಡುವ ನಾಲ್ಕು ಕಾಸು ಜಾಸ್ತಿ ಅನ್ನಿಸಿದರೆ, ಅದರಲ್ಲಿ ದಾರಿಹೋಕನ ಪರಿಹಾರದ ಪಾಲೂ ಸೇರಿದೆ ಎಂಬುದು ನೆನಪಿರಲಿ.