ತೀರ್ಪಿಗೆ ಮೊದಲಿನ ಜಯಘೋಷ

2025ರ ಏಪ್ರಿಲ್ 13ರಂದು ಹುಬ್ಬಳ್ಳಿಯಲ್ಲಿ ಐದು ವರ್ಷದ ಬಾಲಿಕೆಯೊಬ್ಬಳ ಹತ್ಯೆಯಾಗಿ, ಅಶೋಕನಗರ ಠಾಣೆಯ ಮುಂದೆ ಜನ ನ್ಯಾಯಕ್ಕಾಗಿ ಮೊರೆಯಿಡುತ್ತಿದ್ದ ಅದೇ ದಿನ ಆರೋಪಿಯು ಪೊಲೀಸರ ಗುಂಡಿಗೆ ಬಲಿಯಾದನೆಂಬ ವಾರ್ತೆಯು ದೂರದರ್ಶನದ ತೆರೆಗಳನ್ನೇರಿದಾಗ, ಯಶವಂತಪುರದ ಹೋಟೆಲುಗಳಲ್ಲಿ ಕಾಫಿಯ ಲೋಟ ಹಿಡಿದು ನಿಂತವರಿಂದ ಯಲಹಂಕದ ಗೃಹಿಣಿಯರವರೆಗೆ ಎಷ್ಟೋ ಜನರು ‘ತಕ್ಕ ಶಾಸ್ತಿ’ಯೆಂದರು. ಆ ಶಿಶುವಿಗಾಗಿ ಕುದಿದ ಕ್ರೋಧವನ್ನು ಹಳಿಯುವ ಎದೆ ನನಗಿಲ್ಲ. ಆದರೆ ಆತ್ಮರಕ್ಷಣೆಗಾಗಿ ಗುಂಡು ಹಾರಿಸಿದೆವೆಂಬ ಪೊಲೀಸರ ಮಾತು ಪ್ರಮಾಣವನ್ನು ಅಪೇಕ್ಷಿಸುವ ಹೇಳಿಕೆಯೇ ಹೊರತು ತೀರ್ಪಲ್ಲ. ರಕ್ಷಣೆಗೆ ಅವಶ್ಯವಾದುದಕ್ಕಿಂತ ಅಧಿಕ ಹಾನಿಯೆಸಗಲು ಭಾರತೀಯ ನ್ಯಾಯ ಸಂಹಿತೆಯ 37ನೆಯ ಕಲಮು ಯಾರಿಗೂ ಅಧಿಕಾರವೀಯದು. ಇಂತಹ ಸಾವುಗಳಿಗೆ ಸ್ವತಂತ್ರ ತನಿಖೆ ನಡೆಯತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿಯೇ ವಿಧಿಸಿದೆ. ಹೆಬ್ಬಾಳದ ಮೇಲ್ಸೇತುವೆಯ ದಟ್ಟಣೆಯಲ್ಲಿ ಇದನ್ನಾಲಿಸುತ್ತಿರುವ ಬಂಧುಗಳೇ, ಜಯಘೋಷಕ್ಕೆ ಮುನ್ನ ತನಿಖೆಯ ವರದಿಯನ್ನು ಕೇಳಿರಿ.