ಕಾರ್ಯಯೋಜನೆಯ ನಿರ್ವಹಣೆ: ಕನ್ನಂಬಾಡಿ ಕಟ್ಟೆಯ ನಿದರ್ಶನ

ದೊಡ್ಡ ಕಾಮಗಾರಿಯೊಂದರಲ್ಲಿ ನಿರ್ಮಾಣ, ಹಣಕಾಸು, ರಾಜಕೀಯ ಸಮ್ಮತಿ ಈ ಮೂರೂ ಒಂದೇ ವೇಗದಲ್ಲಿ ಸಾಗುವುದಿಲ್ಲ. ಇವನ್ನು ಹೊಂದಿಸುವುದೇ ನಿರ್ವಾಹಕನ ಮುಖ್ಯ ಕೌಶಲವೆಂದು ನಾವು ಭಾವಿಸುತ್ತೇವೆ. ಕನ್ನಂಬಾಡಿ ಕಟ್ಟೆಯ ಇತಿಹಾಸವು ಇದಕ್ಕೆ ತಕ್ಕ ನಿದರ್ಶನವಾಗಿದೆ.

1911ರಲ್ಲಿ ಕೆಲಸ ಮೊದಲಾದಾಗ, ಕಾವೇರಿಯ ಕೆಳಭಾಗದ ಮದರಾಸು ಸರ್ಕಾರವು ಒಪ್ಪಿದ್ದುದು 80 ಅಡಿ ಎತ್ತರಕ್ಕೆ ಮಾತ್ರ. ಮೈಸೂರಿನ ಗುರಿಯಾದರೋ 124 ಅಡಿ. ಮುಖ್ಯ ಇಂಜಿನಿಯರ್ ವಿಶ್ವೇಶ್ವರಯ್ಯನವರು ಕಾಮಗಾರಿಯನ್ನು ಎರಡು ಹಂತಗಳಾಗಿ ವಿಂಗಡಿಸಿದರೂ, ತಳಹದಿಯನ್ನು ಪೂರ್ಣ ಎತ್ತರಕ್ಕೆ ತಕ್ಕಂತೆಯೇ ಯೋಜಿಸಿದರು. ಇದರಿಂದ ತಳವನ್ನು ಮತ್ತೆ ವಿಸ್ತರಿಸುವ ಶ್ರಮ ತಪ್ಪಿತು. ಆದರೆ ನೆರೆಯ ಸರ್ಕಾರದ ಸಂಶಯ ಬೆಳೆಯಿತು. 1914ರ ಮಧ್ಯಸ್ಥ ತೀರ್ಪೂ ವಿವಾದವನ್ನು ಮುಗಿಸಲಿಲ್ಲ. ಅದಕ್ಕೆ 1924ರ ಒಪ್ಪಂದವೇ ಬೇಕಾಯಿತು. ಕಲ್ಲುಗಾರೆಯ ಲೆಕ್ಕದೊಡನೆ ಸಮ್ಮತಿಯ ಲೆಕ್ಕವನ್ನೂ ಮೊದಲೇ ಇಡಬೇಕೆಂಬುದು ಇದರಿಂದ ವಿದಿತವಾಗುತ್ತದೆ.