ವಿಮಾನಯಾನದ ಭಯ ಮತ್ತು ಒಳಕಿವಿಯ ತಪ್ಪು ಸಂಕೇತ

ಹುಬ್ಬಳ್ಳಿಯ ವಿಮಾನ ನಿಲ್ದಾಣವು 2017ರಲ್ಲಿ ಹೊಸ ಟರ್ಮಿನಲ್‌ನೊಂದಿಗೆ ವಿಸ್ತಾರಗೊಂಡ ಬಳಿಕ, ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಿಂದ ಹಿಡಿದು ಹಾನಗಲ್ಲು, ಸವಣೂರುಗಳವರೆಗಿನ ಜನರಿಗೆ ವಿಮಾನಯಾನವು ದೂರದ ಮಾತಾಗಿ ಉಳಿದಿಲ್ಲ. ಆದರೆ ಟಿಕೆಟ್ ಸಿಕ್ಕಷ್ಟು ಸುಲಭವಾಗಿ ಧೈರ್ಯ ಸಿಗುವುದಿಲ್ಲ.

ಈ ಭಯದ ಒಂದು ಮೂಲ ಒಳಕಿವಿಯಲ್ಲಿದೆ. ಅಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟಿನ ಸೂಕ್ಷ್ಮ ಹರಳುಗಳು ದೇಹದ ವೇಗ ಬದಲಾದಾಗ ಸರಿದು, ತಳದ ರೋಮಕೋಶಗಳನ್ನು ಬಾಗಿಸಿ, ಮಿದುಳಿಗೆ ಸಂಕೇತ ಕಳಿಸುತ್ತವೆ. ಅವು ಗ್ರಹಿಸುವುದು ವೇಗದ ಬದಲಾವಣೆಯನ್ನೇ ಹೊರತು ವೇಗವನ್ನಲ್ಲ. ನೆಲ ಬಿಟ್ಟ ಸ್ವಲ್ಪ ಹೊತ್ತಿಗೆ ಪೈಲಟ್ ವಾಡಿಕೆಯಂತೆ ಎಂಜಿನ್ನಿನ ಬಲ ತಗ್ಗಿಸಿದಾಗ ಸದ್ದು ಇಳಿದು, ಏರಿಕೆಯ ಓಘ ಕಡಿಮೆಯಾಗುತ್ತದೆ; ವಿಮಾನ ಇನ್ನೂ ಮೇಲೇರುತ್ತಿದ್ದರೂ ಪ್ರಯಾಣಿಕನಿಗೆ ಕೆಳಕ್ಕೆ ಕುಸಿದಂತೆ ಭಾಸವಾಗುತ್ತದೆ. ಕೂಡಲೇ ಅಪಾಯವನ್ನು ಗುರುತಿಸುವ ಮಿದುಳಿನ ಭಾಗವಾದ ಅಮಿಗ್ಡಲ ಎಚ್ಚೆತ್ತು, ಅಡ್ರಿನಲಿನ್ ರಕ್ತಕ್ಕೆ ಸೇರಿ, ಎದೆ ಡವಗುಟ್ಟುತ್ತದೆ, ಅಂಗೈ ಬೆವರುತ್ತದೆ.

ಎರಡನೆಯ ಮೂಲ ಗಾಳಿಯ ಕ್ಷೋಭೆ. ಬೇಸಿಗೆಯ ಮಧ್ಯಾಹ್ನ ಕಾದ ನೆಲದಿಂದ ಬಿಸಿಗಾಳಿ ಮೇಲೇಳುತ್ತದೆ, ಮಳೆಗಾಲದಲ್ಲಿ ದಟ್ಟ ಮೋಡಗಳೊಳಗೆ ಗಾಳಿ ಏರಿಳಿಯುತ್ತದೆ. ಸಣ್ಣ ಊರುಗಳ ನಡುವೆ ಹಾರುವ ಎಟಿಆರ್ 72 ಮಾದರಿಯ ಪ್ರೊಪೆಲ್ಲರ್ ವಿಮಾನಗಳು 25,000 ಅಡಿಗಿಂತ ಮೇಲೆ ಹೋಗುವುದಿಲ್ಲವಾದ್ದರಿಂದ, ದೊಡ್ಡ ಜೆಟ್‌ಗಳು ದಾಟಿ ಸಾಗುವ ಕೆಲವು ಮೋಡಗಳು ಅವಕ್ಕೆ ಎದುರಾಗುತ್ತವೆ. ಪ್ರಯಾಣಿಕ ವಿಮಾನದ ರೆಕ್ಕೆಗಳಾದರೋ, ಹಾರಾಟದಲ್ಲಿ ನಿರೀಕ್ಷಿತವಾದ ಗರಿಷ್ಠ ಹೊರೆಯ ಒಂದೂವರೆ ಪಟ್ಟನ್ನು ತಾಳಬೇಕೆಂಬ ನಿಯಮದಂತೆ ರೂಪುಗೊಂಡಿರುತ್ತವೆ. ಎರಡು ಎಂಜಿನ್ನುಗಳಲ್ಲಿ ಒಂದು ನಿಂತರೂ ಇನ್ನೊಂದರ ಬಲದಿಂದಲೇ ವಿಮಾನ ಹಾರಿ ಇಳಿಯಬಲ್ಲದು. ಕುಲುಕಾಟದಲ್ಲಿ ಪೆಟ್ಟಾಗುವುದು ಹೆಚ್ಚಾಗಿ ಬೆಲ್ಟ್ ಕಟ್ಟಿಕೊಳ್ಳದವರಿಗೆ.

ನೆನಪೂ ಭಯವನ್ನು ಬೆಳೆಸುತ್ತದೆ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಮಂದಿ ಅಸುನೀಗಿದ ದುರಂತವನ್ನು ಕನ್ನಡಿಗರು ಮರೆತಿಲ್ಲ, ಮರೆಯಲೂ ಬಾರದು. ಆದರೆ ಸುರಕ್ಷಿತವಾಗಿ ಇಳಿದ ಅಸಂಖ್ಯ ವಿಮಾನಗಳು ಸುದ್ದಿಯಾಗದೆ ಹೋಗುವುದರಿಂದ, ಮನಸ್ಸು ಅಪಾಯವನ್ನು ಇರುವುದಕ್ಕಿಂತ ಹೆಚ್ಚೆಂದು ಎಣಿಸುತ್ತದೆ.

ಪರಿಹಾರಗಳು ಸರಳವಾಗಿವೆ. ಕುಲುಕಾಟ ಕಡಿಮೆ ಅನುಭವಕ್ಕೆ ಬರುವ ರೆಕ್ಕೆಯ ಸಮೀಪದ ಆಸನ, ಬೆಳಗಿನ ಪ್ರಯಾಣ, ಹೊರಬಿಡುವ ಉಸಿರನ್ನು ಉದ್ದವಾಗಿಸುವ ಅಭ್ಯಾಸ ನೆರವಾಗುತ್ತವೆ. ತೀವ್ರ ಭೀತಿಯುಳ್ಳವರಿಗೆ, ಭಯದ ಸನ್ನಿವೇಶಕ್ಕೆ ಹಂತಹಂತವಾಗಿ ಒಗ್ಗಿಸುವ ಮನೋಚಿಕಿತ್ಸೆ ಪರಿಣಾಮಕಾರಿಯೆಂದು ಸಿದ್ಧವಾಗಿದೆ. ಈ ಭಯ ಹೇಡಿತನವಲ್ಲ, ನಾಚಿಕೆಯ ವಿಷಯವೂ ಅಲ್ಲ. ಅದರಿಂದ ಪ್ರಯಾಣವನ್ನೇ ಕೈಬಿಡುತ್ತಿರುವವರು ಮನೋವೈದ್ಯರನ್ನು ಸಂಕೋಚವಿಲ್ಲದೆ ಕಾಣಬೇಕು.